56 ಹಾಳೆ, ಒಂದು ರಾತ್ರಿ

ನಿನ್ನೆ ಸಂಜೆ ಕೊನೆಯ ಪೆಟ್ಟಿಗೆ ಖಾಲಿಯಾಯಿತು. ಮಂಗಾ ಎಂಬ ಜಪಾನಿ ಚಿತ್ರಕಥೆಯ ಸಂಪುಟಗಳು, ಪಾತ್ರಗಳ ಪ್ಲಾಸ್ಟಿಕ್ ಗೊಂಬೆಗಳಾದ ಫಿಗರ್‌ಗಳು, ಪಾತ್ರಗಳ ಚಿತ್ರವಿರುವ ಅಕ್ರಿಲಿಕ್ ಸ್ಟ್ಯಾಂಡುಗಳು ಎಲ್ಲ ಕಪಾಟಿಗೆ ಮರಳಿವೆ. ಬೈತಖೋಲ ಬಂದರಿನ ಶೀತಲಗೃಹದಲ್ಲಿ ನಾಲ್ಕು ಸಂಪುಟ ಮಾತ್ರ ಉಳಿದಿವೆ, ಅವುಗಳ ವಿಷಯ ಕೊನೆಗೆ ಹೇಳುತ್ತೇನೆ. ಕಾರವಾರದ ಕೋಡಿಬಾಗದ ನಮ್ಮ ಮನೆಗೆ ಈ ಮಳೆಗಾಲದಲ್ಲಿ ನೀರು ಹೇಗೆ ಹೊಕ್ಕಿತು, ಎಷ್ಟು ಹೊತ್ತು ನಿಂತಿತು ಎನ್ನುವುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತೇ ಇದೆ. ಬರೆದಿಡಬೇಕಾದದ್ದು ನೀವೆಲ್ಲ ಮಾಡಿದ ಕೆಲಸ. ಅದನ್ನು ಅಳತೆ ಸಮೇತ ಬರೆಯುತ್ತೇನೆ, ಏಕೆಂದರೆ ಈ ಕರಾವಳಿಯಲ್ಲಿ ಇಂಥ ಕಪಾಟು ಇಟ್ಟುಕೊಂಡವರು ಇನ್ನೂ ಇದ್ದಾರೆ, ಮಳೆಗಾಲವೂ ವರ್ಷ ವರ್ಷ ಬರುತ್ತದೆ.

ಫಿಗರ್‌ಗಳನ್ನು ತೊಳೆದುಕೊಟ್ಟ ಕಾಲೇಜು ಹುಡುಗರಿಗೆ, ಹಾರ್ಡ್‌ಡಿಸ್ಕ್ ಒದ್ದೆಯಾಗಿದೆ ಎಂದ ಕೂಡಲೇ 'ಕರೆಂಟ್ ಕೊಡಬೇಡ, ಹಾಗೇ ತಾ' ಎಂದು ಫೋನಿನಲ್ಲೇ ಗದರಿದ ಶಿರಸಿಯ ಗೆಳೆಯನಿಗೆ, ಹಳೆ ಪಂಚೆಗಳನ್ನೆಲ್ಲ ಹರಿದುಕೊಟ್ಟ ಚಿಕ್ಕಮ್ಮನಿಗೆ ಮನಸಾರೆ ವಂದನೆ. ಹುಡುಗರು ಮಾಡಿದ್ದು ಸರಿಯಾಗಿತ್ತು: ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ನಾಲ್ಕೇ ಹನಿ, ಮಕ್ಕಳ ಹಲ್ಲುಜ್ಜುವ ಬ್ರಶ್ಶು. ಥಿನ್ನರ್ ಮುಟ್ಟಿಸಿದರೆ ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ. ಅಕ್ರಿಲಿಕ್ ಸ್ಟ್ಯಾಂಡನ್ನು ಸ್ಯಾನಿಟೈಸರ್‌ನಿಂದ ಒರೆಸಿದರೆ ಅಂಚಿನಿಂದ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಾಗಿಹೋಗಿದ್ದ ಪಿವಿಸಿ ಕತ್ತಿಯನ್ನು ಬಿಸಿನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ, ಬೆರಳಲ್ಲಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರು. ತಣ್ಣೀರಿಗೆ ಹಾಕುವುದನ್ನು ಮರೆತರೆ ಅದು ಮತ್ತೆ ಬಾಗುತ್ತದೆ.

ಬೈತಖೋಲ ಬಂದರಿನ ಶೀತಲಗೃಹದ ಮಾವನವರಿಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಮಳೆಗಾಲದ ಹವೆಯಲ್ಲಿ ಒದ್ದೆ ಕಾಗದಕ್ಕೆ ಎರಡು ದಿನದೊಳಗೆ ಬೂಸ್ಟು ಹಿಡಿಯುತ್ತದೆ. 83 ಸಂಪುಟಗಳನ್ನು ಎರಡು ದಿನದಲ್ಲಿ ಒಣಗಿಸುವುದು ಯಾರಿಂದಲೂ ಆಗದು. ಮೈನಸ್ 18 ಡಿಗ್ರಿಯಲ್ಲಿಟ್ಟರೆ ಬೂಸ್ಟು ಇದ್ದಲ್ಲೇ ನಿಲ್ಲುತ್ತದೆ, ಆಮೇಲೆ ಆರಾರಾಗಿ ತಂದು ಒಣಗಿಸಿಕೊಳ್ಳಬಹುದು. ಕೆಸರು ಹತ್ತಿದ ಸಂಪುಟವನ್ನು ಮುಚ್ಚಿ ಹಿಡಿದು ಮೂರು ಬಕೆಟ್ ಶುದ್ಧ ನೀರಿನಲ್ಲಿ ಅದ್ದಿ, ಬಟರ್ ಪೇಪರ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಬೆನ್ನು ಕೆಳಗಾಗಿ ಕ್ರೇಟಿನಲ್ಲಿ ಒಂದೇ ಸಾಲು ಜೋಡಿಸಿದೆವು. ಮೇಲೆ ಇನ್ನೊಂದು ಸಾಲು ಇಟ್ಟರೆ ಕೆಳಗಿನದರ ಬೆನ್ನು ಮುರಿಯುತ್ತದೆ. ಬಂಗಡೆಯ ಪಕ್ಕದಲ್ಲಿ ಎರಡು ತಿಂಗಳು ಇದ್ದರೂ ಒಂದು ಪುಟಕ್ಕೂ ವಾಸನೆ ಹತ್ತಿಲ್ಲ, ಎರಡನೇ ಕವರ್ ಹಾಕಿಸಿದ್ದು ಮಾವನವರೇ.

ಆದರೆ ಬೆಳಗಾಗುವವರೆಗೆ ಬಂದರಿಗೆ ಹೋಗುವ ದಾರಿ ಇರಲಿಲ್ಲ. ಆ ರಾತ್ರಿ ಉಳಿದವರು ಆಚೆಮನೆ ಅತ್ತೆ.

ಒದ್ದೆಯಾದವುಗಳಲ್ಲಿ ಬರೀ ಚಿತ್ರಗಳ ಒಂದು ಸಂಪುಟವೂ ಇತ್ತು, ಬೆಳಗಿನವರೆಗೆ ಕಾಯಲಾಗದ್ದು ಅದು. ಚಿತ್ರಸಂಪುಟದ ಕಾಗದ ಮಂಗಾ ಕಾಗದದಂಥದ್ದಲ್ಲ. ಅದರ ಮೇಲೆ ನುಣ್ಣನೆಯ ಜೇಡಿಯ ಲೇಪ ಇರುತ್ತದೆ. ನೀರು ಕುಡಿದರೆ ಲೇಪವೇ ಅಂಟಾಗುತ್ತದೆ, ಒದ್ದೆ ಇರುವಾಗಲೇ ಬಿಡಿಸದಿದ್ದರೆ ಒಣಗುತ್ತ ಇಡೀ ಪುಸ್ತಕ ಹಲಗೆಯಂತಾಗುತ್ತದೆ. ಹಾಗಾದ ಮೇಲೆ ಅದನ್ನು ಬಿಡಿಸುವ ಉಪಾಯವಿಲ್ಲ. 112 ಪುಟ, ಅಂದರೆ 56 ಹಾಳೆ. ಬೆನ್ನಿನ ಅಂಟು ಆಗಲೇ ಬಿಟ್ಟಿತ್ತು. ಕರೆಂಟ್ ಇರಲಿಲ್ಲ, ಒಂದು ಎಮರ್ಜೆನ್ಸಿ ಲೈಟ್ ಇತ್ತು.

ಅತ್ತೆ ಶಿರಸಿ ಕಡೆಯಿಂದ ಕಾರವಾರಕ್ಕೆ ಬಂದವರು. ಏಪ್ರಿಲ್ ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಹಚ್ಚುವ ಕೈ ಅದು. ಅರೆಬರೆ ಒಣಗಿದ ಹಪ್ಪಳವನ್ನು ಹರಿಯದಂತೆ ಹಾಳೆಯಿಂದ ಎಬ್ಬಿಸಿ ಮಗುಚುವುದು ಆ ಕೈಗೆ ಗೊತ್ತು. ಹಪ್ಪಳ ಒತ್ತುವ ಪ್ಲಾಸ್ಟಿಕ್ ಹಾಳೆಗಳನ್ನೇ ತಂದರು. ಅವುಗಳ ಎಣ್ಣೆ ಕಾಗದಕ್ಕೆ ಹತ್ತಿದರೆ ಎಂದಿಗೂ ಹೋಗದು ಎಂದು ತಾವೇ ಸೋಪು ಹಾಕಿ ಎರಡು ಸಲ ತಿಕ್ಕಿದರು. ದೊಡ್ಡ ಪರಾತದಲ್ಲಿ ಎರಡು ಬೆರಳು ಎತ್ತರ ಶುದ್ಧ ನೀರು. ಪುಸ್ತಕದ ಒಂದು ಭಾಗವನ್ನು ಅದರಲ್ಲಿ ಮುಳುಗಿಸಿದರೆ ಮೂಲೆಯಿಂದ ನೀರು ನುಗ್ಗಿ ಹಾಳೆ ತಾನೇ ಸಡಿಲವಾಗುತ್ತದೆ. ಆಗ ಅದರ ಅಡಿಗೆ ಪ್ಲಾಸ್ಟಿಕ್ ತೂರಿಸಿ, ಪ್ಲಾಸ್ಟಿಕ್ಕಿನ ಸಮೇತ ಎತ್ತಬೇಕು. ಕಾಗದದ ಮೂಲೆ ಹಿಡಿದು ಎತ್ತಿದರೆ ನೀರಿನ ಭಾರಕ್ಕೇ ಹರಿದುಬರುತ್ತದೆ. ಎತ್ತಿದ್ದನ್ನು ಬಿಳಿ ಪಂಚೆಯ ಮೇಲೆ ಮಗುಚಿ, ಪ್ಲಾಸ್ಟಿಕ್ಕನ್ನು ಒಂದು ಮೂಲೆಯಿಂದ ಹಿಂದಕ್ಕೆ ಮಡಚುತ್ತ ಸುಲಿಯಬೇಕು. ಮೇಲೆ ಉಜ್ಜಬಾರದು, ಲೇಪದ ಜೊತೆ ಬಣ್ಣವೂ ಏಳುತ್ತದೆ.

ಒಂದು ಹಾಳೆಗೆ ಹೆಚ್ಚುಕಡಿಮೆ ಎಂಟು ನಿಮಿಷ. ರಾತ್ರಿ ಒಂಬತ್ತಕ್ಕೆ ಕೂತವರು ಎದ್ದದ್ದು ನಾಲ್ಕೂವರೆಗೆ. 52 ಹಾಳೆ ಇಡಿಯಾಗಿ ಸಿಕ್ಕವು, ನಾಲ್ಕು ಹರಿದವು. ಅಟ್ಟದ ಮೇಲೆ ಹರವೋಣವೇ ಎಂದರೆ ಅವರೇ ಬೇಡವೆಂದರು, ಒಲೆಯ ಹೊಗೆಗೆ ಬಿಳಿಯೆಲ್ಲ ಕಂದುತ್ತದೆ. ಒಳಕೋಣೆಯಲ್ಲಿ ಹಗ್ಗ ಕಟ್ಟಿ, ಪಂಚೆ ಹಾಸಿ, ಎರಡು ತಾಸಿಗೊಮ್ಮೆ ಪಂಚೆ ಬದಲಿಸಿದೆವು. ಒಣಗಿತೋ ಇಲ್ಲವೋ ತಿಳಿಯಲು ಹಾಳೆಯನ್ನು ಕೆನ್ನೆಗೆ ಮುಟ್ಟಿಸಿ ನೋಡಬೇಕು: ತಂಪು ಹತ್ತಿದರೆ ಒಳಗೆ ಇನ್ನೂ ನೀರಿದೆ. ಹಪ್ಪಳಕ್ಕೂ ಹಾಗೇ ನೋಡುವುದು ಎಂದರು.

ಇಷ್ಟೆಲ್ಲ ಕೆಲಸಕ್ಕಿಂತ ದೊಡ್ಡದು ಇನ್ನೊಂದಿದೆ. ಕಾರ್ಟೂನ್ ಪುಸ್ತಕಕ್ಕೆ ಇಷ್ಟು ಯಾಕೆ ಎಂದು ಅತ್ತೆ ಒಮ್ಮೆಯೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: 'ಯಾವ್ದು ಮೊದ್ಲು ಬಿಡಸವು, ಹೇಳು.'

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡುವವರ ಅಭ್ಯಾಸ ಹೊರಗಿನವರಿಗೆ ಸುಲಭಕ್ಕೆ ಕಾಣದು. ಸಾಮಾನ್ಯವಾಗಿ ಒಂದು ಸರಣಿಗೆ 12 ಅಥವಾ 13 ಕಂತು, ವಾರಕ್ಕೊಂದರಂತೆ ಮೂರು ತಿಂಗಳು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸವು ಶುರುವಾಗುತ್ತವೆ. ಜಪಾನ್ ನಮಗಿಂತ ಮೂರೂವರೆ ತಾಸು ಮುಂದೆ, ಅಲ್ಲಿ ರಾತ್ರಿ 11 ಎಂದರೆ ಇಲ್ಲಿ ದೀಪ ಹಚ್ಚಿ ಸ್ವಲ್ಪ ಹೊತ್ತು, ಏಳೂವರೆ. ಜುಲೈನ ಸರಣಿ ಪುನರ್ವಸು ಮಳೆಗೆ ಹಿಡಿದು ಉತ್ತರಾ ಮಳೆಗೆ ಬಿಡುತ್ತದೆ. ನೋಡಿದ ಕಂತು, ತಾರೀಕು, ಆ ದಿನದ ಮಳೆ, ಕಣ್ಣು ಒದ್ದೆಯಾದ ಜಾಗ ಎಲ್ಲವನ್ನೂ ಬರೆದಿಡುವ ನೋಟ್‌ಬುಕ್ಕು ಬಹಳ ಜನರ ಬಳಿ ಇರುತ್ತದೆ. ನನ್ನದೂ ಆ ನೀರಿನಲ್ಲಿತ್ತು. ಬಾಲ್‌ಪೆನ್ನಿನ ಶಾಯಿ ಎಣ್ಣೆಯದು, ನಿಂತಿತು. ಸ್ಕೆಚ್ ಪೆನ್ನಿನದು ಪೂರ್ತಿ ಹರಿದುಹೋಯಿತು. ಮನಸ್ಸಿಗೆ ತೀರಾ ಹತ್ತಿರವಾದ ಕಂತುಗಳನ್ನೇ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಅವು ಈಗ ಬರೀ ನೀಲಿ ಕಲೆ. ಆ ಪುಟ ತೆರೆದಾಗ ಅತ್ತೆ ಕೆಲಸ ನಿಲ್ಲಿಸಿದರು, ಏನೂ ಹೇಳಲಿಲ್ಲ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಬೆನ್ನ ಮೇಲೆ ಇಟ್ಟರು. ಇದನ್ನು ಬರೆಯುವಾಗಲೂ ಆ ಕೈ ಬೆನ್ನ ಮೇಲೆ ಇದ್ದಂತಿದೆ.

ಈಗಿನ ಕಪಾಟು ನೆಲದಿಂದ ಎರಡು ಅಡಿ ಮೇಲೆ, ಗೋಡೆಯಿಂದ ಎರಡು ಇಂಚು ದೂರ. ಖಾನೆಗೊಂದು ಸಿಲಿಕಾ ಜೆಲ್ ಚೀಲ ಇದೆ, ಬಣ್ಣ ಬದಲಾದರೆ ಒಣಗಿಸಿ ಮತ್ತೆ ಇಡಬೇಕು. ನುಸಿಗುಳಿಗೆ ಇಡಲು ಹೇಳಿದವರಿಗೆ ಒಂದು ಮಾತು: ಬಟ್ಟೆಗೆ ಸರಿ, ಫಿಗರ್ ಇರುವಲ್ಲಿ ಬೇಡ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಅಂಟಂಟಾಗುತ್ತದೆ.

ಬೈತಖೋಲದ ನಾಲ್ಕು ಸಂಪುಟಗಳನ್ನು ನವರಾತ್ರಿ ಕಳೆದು ಹವೆ ಒಣಗಿದ ಮೇಲೆ ತರುವುದೆಂದು ಮಾವನವರು ಹೇಳಿದ್ದಾರೆ. ಅಂದು ಬೆಳಗಿನ ಜಾವ, ಮಳೆಯಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ಕೂತ ಹುಡುಗನ ಹಾಳೆಯನ್ನು ಎತ್ತಿ ಹಿಡಿದು ಅತ್ತೆ ಕೇಳಿದ್ದರು, 'ಈ ಮಾಣಿ ಕಡೆಗೆ ಮನೆ ಸೇರ್ತ್ನಾ?' ಅತ್ತೆ, ಅದಕ್ಕೆ ಉತ್ತರ ಇರುವ ಸಂಪುಟ ಆ ನಾಲ್ಕರಲ್ಲಿದೆ. ಒಣಗಿದ ದಿನವೇ ನಿಮ್ಮ ಜಗುಲಿಗೆ ತರುತ್ತೇನೆ. ಮಂಗಾವನ್ನು ಬಲಗಡೆಯಿಂದ ತೆರೆಯಬೇಕು, ಇಲ್ಲದಿದ್ದರೆ ಕೊನೆಯ ಪುಟವೇ ಮೊದಲು ಕಂಡುಬಿಡುತ್ತದೆ.