22/7 ಬೇರೆ, ಪೈ ಬೇರೆ

ಮಾನ್ಯ ಸಂಪಾದಕರೇ,

ನಾನು ಅಂಕೋಲಾ ಕಡೆ ಮನೆ ಕಟ್ಟುವ ಮೇಸ್ತ್ರಿ. ಚಿರೆಕಲ್ಲಿನ ಕೆಲಸಕ್ಕೆ ಇಳಿದು 26 ವರ್ಷ ಆಯಿತು. ಓದಿದ್ದು ಏಳನೇ ತರಗತಿ. ಗಣಿತದ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ ಅಂತ ಎಂದೂ ಅಂದುಕೊಂಡಿರಲಿಲ್ಲ. ಮಗಳಿಗೆ ಹೋದ ಒಂದು ಅಂಕ ಈ ಪತ್ರ ಬರೆಸುತ್ತಿದೆ.

ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಟೆಸ್ಟಿನಲ್ಲಿ ಭಾಗಲಬ್ಧ (ಎರಡು ಪೂರ್ಣಾಂಕಗಳ ಭಿನ್ನವಾಗಿ ಬರೆಯಲು ಬರುವ), ಅಭಾಗಲಬ್ಧ (ಹಾಗೆ ಬರೆಯಲು ಬರದ) ಸಂಖ್ಯೆಗಳನ್ನು ಬೇರೆ ಬೇರೆ ಮಾಡಿ ಎಂಬ ಪ್ರಶ್ನೆ ಇತ್ತು. √16, √5, 0.333..., 22/7, ಸೊನ್ನೆ, ಹೀಗೆ. 22/7 ಭಾಗಲಬ್ಧ ಎಂದು ಅವಳು ಬರೆದಳು. ಅದಕ್ಕೆ ಕೆಂಪು ಗೀಟು ಬಿತ್ತು. ಟೀಚರ್ ಹತ್ತಿರ ಕೇಳಿದರೆ, "22/7 ಅಂದರೆ ಪೈ, ಪೈ ಅಭಾಗಲಬ್ಧ, ಕೀ ಉತ್ತರದಲ್ಲೂ ಹಾಗೇ ಇದೆ" ಎಂದರಂತೆ. ಮನೆಯಲ್ಲಿದ್ದ ಗೈಡ್ ತೆಗೆದು ನೋಡಿದೆವು. ಅದರಲ್ಲೂ ಅದೇ ತಪ್ಪು.

ಅವಳು ಅಳಲಿಲ್ಲ. ಸಂಜೆ ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಜಗುಲಿಯಲ್ಲಿ ಕೂತು 22ನ್ನು 7ರಿಂದ ಭಾಗಿಸುತ್ತಿದ್ದಳು. "ಅಪ್ಪಾ, ಇಲ್ಲಿ ನೋಡು. ಏಳು ಮೂರಲೆ ಇಪ್ಪತ್ತೊಂದು, ಶೇಷ 1." ಮುಂದಿನ ಶೇಷ 3. ಆಮೇಲೆ 2, 6, 4, 5. ಮತ್ತೆ 1 ಬಂತು. "ಏಳರಿಂದ ಭಾಗಿಸಿದರೆ ಶೇಷ ಏಳಕ್ಕಿಂತ ಕಡಿಮೆ ಇರಲೇಬೇಕಲ್ವಾ? ಸೊನ್ನೆ ಬಂದರೆ ಲೆಕ್ಕ ಮುಗಿಯಿತು. ಬರದಿದ್ದರೆ ಉಳಿಯುವುದು ಆರೇ ಶೇಷ. ಆರೂ ಮುಗಿದ ಮೇಲೆ ಹಳೆಯದೇ ತಿರುಗಿ ಬರಬೇಕು." ಉತ್ತರ 3.142857142857... ಅದೇ ಆರು ಅಂಕಿ, ಅದೇ ಸಾಲಿನಲ್ಲಿ, ಮುಗಿಯದೆ ತಿರುಗುತ್ತವೆ. ಯಾರೂ ಹೇಳಿಕೊಡದೆ ಇದನ್ನು ಕಂಡುಕೊಂಡ ಹುಡುಗಿಗೆ ಅಂಕ ಇಲ್ಲ ಎಂದರೆ ನನಗೆ ಸಂಕಟ ಆಗುತ್ತದೆ.

ಭಾಗಾಕಾರ ಮಾಡದೆಯೂ ಇದನ್ನು ಹೇಳಬಹುದಿತ್ತು. ಮೇಲೊಂದು ಪೂರ್ಣಾಂಕ, ಕೆಳಗೆ ಸೊನ್ನೆ ಅಲ್ಲದ ಪೂರ್ಣಾಂಕ ಇಟ್ಟು ಬರೆಯಲು ಬಂದರೆ ಅದು ಭಾಗಲಬ್ಧ. ಪಾಠದಲ್ಲೇ ಹಾಗಿದೆ. 22/7 ಹಾಗೇ ಬರೆದುಕೊಂಡೇ ಬಂದಿದೆ.

ಪೈ ಬೇರೆ. ಅದು ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ, 3.14159... ದಶಮಾಂಶದ ಮೂರನೇ ಸ್ಥಾನದಲ್ಲೇ ಇವೆರಡರ ದಾರಿ ಬೇರೆಯಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ "ಪೈ = 22/7 ಎಂದು ತೆಗೆದುಕೊಳ್ಳಿ" ಅಂತ ಇರುತ್ತದೆ. ಆ "ತೆಗೆದುಕೊಳ್ಳಿ"ಯನ್ನು ಯಾರೂ ಓದುವುದಿಲ್ಲ. ನಾವೂ ಏಳಡಿ ವ್ಯಾಸದ ಬಾವಿಗೆ ಸುತ್ತಳತೆ 22 ಅಡಿ ಎಂದೇ ಹಿಡಿಯುತ್ತೇವೆ. ನಿಜವಾದ ಸುತ್ತಳತೆ ಅದಕ್ಕಿಂತ ಇಂಚಿನ ಹತ್ತನೇ ಒಂದು ಭಾಗದಷ್ಟು ಕಡಿಮೆ. ಕಲ್ಲಿನ ಸಂದಿಯ ಗಾರೆಯೇ ಅದಕ್ಕಿಂತ ದಪ್ಪ. ಬಾವಿಗೆ ಅಷ್ಟು ಸಾಕು. ಸಂಖ್ಯೆ ಯಾವ ಜಾತಿಯದು ಎಂದು ಕೇಳಿದಾಗ ಸಾಲದು.

ನಿವೃತ್ತ ಗಣಿತ ಮಾಸ್ತರರೊಬ್ಬರ ಮನೆಗೆ ಬಚ್ಚಲು ಕಟ್ಟುತ್ತಿದ್ದೆ. ಅವರಿಗೆ ಹಾಳೆ ತೋರಿಸಿದೆ. ಮಗಳದ್ದೇ ಸರಿ ಎಂದರು. ಆರ್ಯಭಟ 499ರಲ್ಲೇ ವ್ಯಾಸ 20000 ಇದ್ದರೆ ಸುತ್ತಳತೆ 62832 ಎಂದು ಲೆಕ್ಕ ಕೊಟ್ಟು, ಜೊತೆಗೆ "ಆಸನ್ನ" ಎಂಬ ಮಾತನ್ನೂ ಸೇರಿಸಿದ್ದನಂತೆ. ಅಂದರೆ ಹತ್ತಿರದ್ದು, ಅದೇ ಅಲ್ಲ. ಪೈ ಅಭಾಗಲಬ್ಧ ಎಂದು ಲ್ಯಾಂಬರ್ಟ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ್ದು 1761ರಲ್ಲಂತೆ.

ಮಗಳ ತರಗತಿಯಲ್ಲಿ ಕೆಲವರು √16 ಕೂಡ ಅಭಾಗಲಬ್ಧ ಎಂದು ಬರೆದಿದ್ದರು. ವರ್ಗಮೂಲದ ಚಿಹ್ನೆ ಕಂಡರೆ ಸಾಕು, ಆ ಕಡೆ ಹಾಕುತ್ತಾರೆ. ಅದು ಬರೀ 4. ಮಕ್ಕಳನ್ನು ಬೈದು ಉಪಯೋಗ ಇಲ್ಲ. ವರ್ಗಮೂಲ ಅವರ ಕಣ್ಣಿಗೆ ಬಿದ್ದಿಲ್ಲ.

ನಮಗೆ ದಿನಾ ಬೀಳುತ್ತದೆ. ಮನೆಯ ಅಡಿಪಾಯ, ಅಂದರೆ ಪಂಚಾಂಗ, ಹಾಕುವ ಮೊದಲು ಗೂಟ ಹೊಡೆದು, ದಾರ ಎಳೆದು, ಮೂಲೆಯಿಂದ ಮೂಲೆಗೆ ಅಳೆಯುತ್ತೇವೆ. ನಾವು ಅದಕ್ಕೆ ಕ್ರಾಸ್ ಎನ್ನುತ್ತೇವೆ, ಪುಸ್ತಕದಲ್ಲಿ ಕರ್ಣ. 9 ಅಡಿ, 12 ಅಡಿಯ ಕೋಣೆಗೆ ಕ್ರಾಸ್ ಸರಿಯಾಗಿ 15. 81ಕ್ಕೆ 144 ಕೂಡಿಸಿದರೆ 225, ಅದರ ವರ್ಗಮೂಲ 15. ಅದೇ 10ಕ್ಕೆ 10ರ ಕೋಣೆಗೆ ಟೇಪು 14 ಅಡಿ ಒಂದೂಮುಕ್ಕಾಲು ಇಂಚಿಗೆ ಕೂದಲೆಳೆಯಷ್ಟು ಕಡಿಮೆ ನಿಲ್ಲುತ್ತದೆ. ಇದು √200. ಇಷ್ಟು ವರ್ಷ ನನ್ನ ಟೇಪೇ ಸರಿಯಿಲ್ಲ ಅಂದುಕೊಂಡಿದ್ದೆ. ಮಗಳು ಹೇಳಿದ ಮೇಲೆ ಗೊತ್ತಾಯಿತು. ಅಡಿಯನ್ನು ಸಾವಿರ ಸಮಭಾಗ ಮಾಡಿ, ಕೋಟಿ ಮಾಡಿ, ಆ ಕ್ರಾಸ್ ಯಾವ ಗೆರೆಯ ಮೇಲೂ ಸರಿಯಾಗಿ ಬಂದು ಕೂರುವುದಿಲ್ಲ. ಹಾಗಂತ ಆ ಉದ್ದ ಸುಳ್ಳಲ್ಲ. ದಾರ ಎರಡು ಗೂಟದ ನಡುವೆ ಬಿಗಿಯಾಗಿ ನಿಂತಿರುತ್ತದೆ, ಬೆರಳಿನಿಂದ ಮುಟ್ಟಬಹುದು. 15 ಅಡಿಯ ದಾರವೂ, ಈ ದಾರವೂ ಎರಡೂ ವಾಸ್ತವ ಸಂಖ್ಯೆಗಳೇ. ಒಂದು ಭಾಗಲಬ್ಧ, ಇನ್ನೊಂದು ಅಭಾಗಲಬ್ಧ.

ಗಣಿತ ಕಲಿಸುವವರಲ್ಲಿ, ಮಾದರಿ ಪ್ರಶ್ನೆಪತ್ರಿಕೆ ಮಾಡುವವರಲ್ಲಿ ನನ್ನ ಕೋರಿಕೆ: ಕೀ ಉತ್ತರ ಅಚ್ಚಿಗೆ ಹೋಗುವ ಮೊದಲು ಒಮ್ಮೆ ಕೈಯಾರೆ ಭಾಗಿಸಿ ನೋಡಿ. ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಪತ್ರಿಕೆಗಳಲ್ಲೂ ಪ್ರಶ್ನೆ ಬರುತ್ತವಲ್ಲ, ನೀವೂ ಗಮನಿಸಬೇಕು. ಒಂದು ಅಂಕ ಸಣ್ಣದಿರಬಹುದು. ಆದರೆ ಸರಿ ಬರೆದ ಮಗು ಮುಂದಿನ ಸಲ ತನ್ನ ಲೆಕ್ಕ ಬಿಟ್ಟು ಗೈಡ್ ನಂಬುತ್ತದೆ. ನನಗೆ ಅದರದ್ದೇ ಹೆದರಿಕೆ.

ಮಳೆಗಾಲದಲ್ಲಿ ನನಗೆ ಕೆಲಸ ಕಡಿಮೆ. ಅಂಕೋಲಾ ಸುತ್ತಮುತ್ತ ಯಾವ ಶಾಲೆಯವರು ಕರೆದರೂ ದಾರ, ಟೇಪು, ಸುಣ್ಣದ ಪುಡಿ ನಾನೇ ತರುತ್ತೇನೆ. ಅಂಗಳದಲ್ಲಿ ನೀರು ನಿಂತಿದ್ದರೆ ಜಗುಲಿಯಲ್ಲೇ ಗೆರೆ ಎಳೆಯೋಣ. ಗೈಡ್ ಅಚ್ಚು ಹಾಕಿದವರಿಗೂ ಬರೆದಿದ್ದೇವೆ. ಭಾಗಿಸಿದ ಹಾಳೆಯನ್ನು ಮಗಳು ಅದೇ ಲಕೋಟೆಯಲ್ಲಿ ಇಟ್ಟಿದ್ದಾಳೆ.

ಇಂತಿ,
ಒಬ್ಬ ಮೇಸ್ತ್ರಿ, ಅಂಕೋಲಾ