ಗಾಳ ಹಾಕುವ ಮುನ್ನ ಕಾಲುಚೀಲ ನೋಡಿ

ಈ ಸಂಚಿಕೆ ಅಚ್ಚಿಗೆ ಹೋಗಲು ಇನ್ನೊಂದೇ ರಾತ್ರಿ ಉಳಿದಿದೆ. ಬರುವ ಶನಿವಾರ ನಮ್ಮ ಕುಟುಂಬಗಳು ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೊರಡಲಿರುವುದರಿಂದ, ಉಡುಪಿನ ಬಗ್ಗೆಯೇ ಬರೆಯುವುದು ಸರಿಯೆನಿಸಿತು. ಫೋನಿನಲ್ಲಿ ಅಮ್ಮಂದಿರು ‘ಬೆಚ್ಚಗಿರು’ ಎನ್ನುತ್ತಲೇ ಇರುತ್ತಾರೆ; ಮಂಜುಗಡ್ಡೆಯ ಮೇಲೆ ಗಂಟೆಗಟ್ಟಲೆ ಕದಲದೆ ಕೂರುವವರು ಬೆಚ್ಚಗಿರುವುದು ಹೇಗೆಂಬುದನ್ನು ಮಾತ್ರ ನಾವು ಈ ಚಳಿಯ ನಾಡಿಗೆ ಬಂದ ಮೇಲೆಯೇ ಕಲಿಯಬೇಕಾಯಿತು.

ಕಳೆದ ಚಳಿಗಾಲದಲ್ಲಿ ಪುಟ್ಟ ಹುಡುಗನೊಬ್ಬ ಗಾಳದಿಂದ ಕಣ್ಣು ತೆಗೆಯದೆಯೇ, “ಅಂಕಲ್, ಬೂಟಿನೊಳಗೆ ನನ್ನ ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ” ಎಂದ. ಕಾರಿಗೆ ಕರೆದೊಯ್ದು ಬೂಟು ಬಿಚ್ಚಿದಾಗ ಒಂದರ ಮೇಲೊಂದು ಮೂರು ಹತ್ತಿ ಕಾಲುಚೀಲಗಳಿದ್ದವು. ಒಳಗಿನದು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು, ಬಿಳಿಚಿದ ಪಾದದ ಮೇಲೆ ಅದರ ಗೆರೆಗಳು ಅಚ್ಚೊತ್ತಿದ್ದವು. ದಡದಿಂದ ಓಡುತ್ತ ಬಂದಾಗ ಸುರಿದ ಬೆವರನ್ನು ಹತ್ತಿ ಹೀರಿ ಹಿಡಿದುಕೊಂಡಿತ್ತು, ಬಿಗಿಯಾದ ಬೂಟು ರಕ್ತದ ಓಟವನ್ನು ತಡೆದಿತ್ತು, ಉಳಿದ ಶಾಖವನ್ನು ಅಡಿಯ ಮಂಜುಗಡ್ಡೆ ಎಳೆದುಕೊಂಡಿತ್ತು. ಅವನ ತಾಯಿ ಪಾದವನ್ನು ಉಜ್ಜದೆ, ಒರೆಸಿ, ತಮ್ಮ ಅಂಗೈಗಳ ನಡುವೆ ಹಿಡಿದು ಕುಳಿತರು. ಬೆರಳು ಜುಮ್ಮೆಂದು ಬಣ್ಣ ಮರಳಿದ ಮೇಲೆ ಒಂದೇ ಜೊತೆ ಒಣ ಉಣ್ಣೆಯ ಕಾಲುಚೀಲ ಹಾಕಿದೆವು. ಬೂಟಿನೊಳಗೆ ಬೆರಳಾಡಿಸಲು ಜಾಗವಾಯಿತು.

ಹಾಗಾಗಿ ದಪ್ಪಕ್ಕಿಂತ ಒಣಗಿರುವುದು ಮುಖ್ಯ. ಮೈಗೆ ತಾಗುವ ಪದರ ಬೆವರನ್ನು ಹೊರಗೆ ಸಾಗಿಸುವ ತೆಳು ಉಣ್ಣೆಯದೋ ಪಾಲಿಯೆಸ್ಟರ್‌ದೋ ಇರಲಿ, ನಡುವೆ ಫ್ಲೀಸ್ (ಉಣ್ಣೆಯಂತೆ ಮೆತ್ತಗಿನ ಕೃತಕ ಬಟ್ಟೆ) ಅಥವಾ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ತಾಪಮಾನ ಮೈನಸ್ 10 ಡಿಗ್ರಿಯಿದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 20ರಂತೆ ತಾಗುವುದರಿಂದ, ಬಯಲಿನಂಥ ಸರೋವರದ ಮೇಲೆ ಹೊರ ಪದರವಿಲ್ಲದಿದ್ದರೆ ಒಳಗಿನದೆಲ್ಲ ವ್ಯರ್ಥ. ನಡೆಯುವಾಗ, ಮಂಜುಗಡ್ಡೆ ಕೊರೆಯುವಾಗ ಜಾಕೆಟ್ಟಿನ ಜಿಪ್ ತೆರೆದಿರಲಿ. ಕುಳಿತ ಕೂಡಲೇ, ಚಳಿ ಹತ್ತುವ ಮೊದಲೇ, ಮುಚ್ಚಿರಿ. ಹಿಡಿದ ಮೀನನ್ನು ಬಿಡಿಸುವಾಗ ಕೈ ಒದ್ದೆಯಾಗದೆ ಇರದು. ಒರೆಸಲು ಟವೆಲ್ಲು, ಬದಲಿಸಲು ಇನ್ನೊಂದು ಜೊತೆ ಕೈಗವಸು ಚೀಲದಲ್ಲಿರಲಿ. ಎಲ್ಲ ಬೆರಳುಗಳೂ ಒಟ್ಟಿಗಿರುವ ಗವಸು ಬಿಡಿ ಬೆರಳಿನದಕ್ಕಿಂತ ಬೆಚ್ಚಗಿರುತ್ತದೆ.

ಸೂಚನೆಗಳು: ಶನಿವಾರ ಬೆಳಿಗ್ಗೆ 7ಕ್ಕೆ ಹೊರಡುತ್ತೇವೆ, 6.30ಕ್ಕೇ ಬಂದರೆ ಮಕ್ಕಳ ಕಾಲುಚೀಲ, ಬೂಟುಗಳನ್ನು ಒಮ್ಮೆ ನೋಡಿಬಿಡಬಹುದು. ಮೀನು ಹಿಡಿಯುವ ಪರವಾನಗಿ ಬೇಕಾದವರು ಮೊದಲೇ ಪಡೆದಿರಿ. ಕಾಲಡಿಗೆ ಹಾಕಲು ದಪ್ಪ ಫೋಮ್ ಚಾಪೆ ಇದ್ದವರು ತನ್ನಿ. ನಿಮ್ಮ ಮಕ್ಕಳಿಗೆ ಚಿಕ್ಕದಾದ ಬೂಟು, ಜಾಕೆಟ್ಟುಗಳಿದ್ದರೆ ಹೊಸದಾಗಿ ಬಂದಿರುವ ಕುಟುಂಬಗಳಿಗಾಗಿ ಕೊಡಿ. ಅವನ್ನು ಸಂಗ್ರಹಿಸಿ, ಅಳತೆಯಂತೆ ವಿಂಗಡಿಸಲು ಇಬ್ಬರು ಬೇಕಾಗಿದ್ದಾರೆ. ಪತ್ರಿಕೆಯ ಕೆಲಸದ ನಡುವೆ ನನ್ನೊಬ್ಬನಿಂದ ಅದು ಆಗುತ್ತಿಲ್ಲ. ಈ ಕೆಲಸಕ್ಕೆ ಬರಬಲ್ಲವರು ಗುರುವಾರದೊಳಗೆ ದಯವಿಟ್ಟು ತಿಳಿಸಿ.