ಸಂಜೆ ಹೊತ್ತು ಅರಿವು ಕೇಂದ್ರದ ಬಾಗಿಲು ತೆರೆಸಿ: ಗ್ರಾಮೀಣಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ ಸರ್.

ಈ ಪತ್ರ ಒಂದು ಬೀಗದ ಕೈ ಬಗ್ಗೆ. ಕೊಪ್ಪಳ ಜಿಲ್ಲೆಯ ಒಂದು ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ವಾರಕ್ಕೆರಡು ಸಂಜೆ 13ರಿಂದ 18 ವಯಸ್ಸಿನ ಹುಡುಗಿಯರು ಸೇರುತ್ತಿದ್ದರು. ಒಂದು ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ಕಿಶೋರಿ ಗುಂಪು ಅದು. ನಾನು ಅಲ್ಲಿ ಸ್ವಯಂಸೇವಕಿಯಾಗಿದ್ದೆ. ಸಂಸ್ಥೆಗೆ ಬರುತ್ತಿದ್ದ ಅನುದಾನ ಮೂರು ವರ್ಷದ್ದು, ಮುಗಿಯಿತು. ಗುಂಪು ನೋಡಿಕೊಳ್ಳುತ್ತಿದ್ದ ಅಕ್ಕನ ಗೌರವಧನವೂ ನಿಂತಿತು. ಆಮೇಲೆ ಕೀ ಯಾರ ಹತ್ತಿರ ಇರಬೇಕು, ಏನಾದರೂ ಆದರೆ ಯಾರು ಹೊಣೆ ಅಂತ ಮಾತು ಬಂತು. ಸಂಜೆ ಬಾಗಿಲು ತೆರೆಯುವುದೇ ನಿಂತುಹೋಯಿತು. ಬೇಡ ಅಂತ ಯಾರೂ ಹೇಳಲಿಲ್ಲ. ಅಧ್ಯಕ್ಷರು ಒಳ್ಳೆಯವರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂಡ ಒಳ್ಳೆಯವರು. ಯಾರ ಕೆಲಸದ ಪಟ್ಟಿಯಲ್ಲೂ ಅದು ಇರಲಿಲ್ಲ, ಅಷ್ಟೇ.

ಹೆಣ್ಣುಮಕ್ಕಳ ವಿಷಯ ತಾನೇ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಬರೆಯಿರಿ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಆದರೆ ಕಟ್ಟಡ ನಿಮ್ಮದು. ಅದರ ಮೇಲ್ವಿಚಾರಕರು ನಿಮ್ಮವರು. ಗ್ರಾಮಸಭೆ, ವಾರ್ಷಿಕ ಕ್ರಿಯಾಯೋಜನೆ, ಬೀದಿ ದೀಪ ಎಲ್ಲವೂ ನಿಮ್ಮ ಇಲಾಖೆಯವೇ. ಬಾಲ್ಯವಿವಾಹ ತಡೆಯುವ ಅಧಿಕಾರವೂ ನಿಮ್ಮ ಪಿಡಿಒಗಳಿಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಆ ಗುಂಪಿನಲ್ಲಿ ಏನು ನಡೆಯುತ್ತಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಆತ್ಮವಿಶ್ವಾಸ, ಕೌಶಲ್ಯ ಅಂತ ವರದಿಯಲ್ಲಿ ಬರೆದರೆ ಏನೂ ಕಾಣುವುದಿಲ್ಲ. ಒಂದು ಸಂಜೆ ಬ್ಯಾಂಕಿನ ಆಟ. ಮೇಜಿನ ಆ ಕಡೆ ಒಬ್ಬಳು ಬ್ಯಾಂಕಿನವಳು, ಈ ಕಡೆ ಪಾಸ್‌ಬುಕ್ ಹಿಡಿದ ಒಂಬತ್ತನೇ ಕ್ಲಾಸಿನ ಹುಡುಗಿ. ವಿಷಯ ವಿದ್ಯಾರ್ಥಿವೇತನ. ಅದು ಖಾತೆಗೆ ಬರಬೇಕಾದರೆ ಎನ್‌ಪಿಸಿಐ, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಗಿರಬೇಕು. ಬ್ಯಾಂಕಿನವಳಾದ ಹುಡುಗಿ ತಲೆ ಎತ್ತದೆ, "ಎನ್‌ಪಿಸಿಐ ಆಗಿಲ್ಲ, ನಾಳೆ ಬಾ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಷ್ಟು ಸರಿಯಾಗಿ ನಕಲು ಮಾಡಿದ್ದಳು. ಈ ಕಡೆಯವಳು ಮೊದಲ ಸಲ ತಿರುಗಿ ಹೊರಟೇಬಿಟ್ಟಳು. ಎರಡನೇ ಸಲವೂ ಹಾಗೇ. ಮೂರನೇ ಸಲ ನಿಂತಳು. "ನಾಳೆ ಯಾಕ್ರೀ? ಏನೇನು ತರಬೇಕು ಅನ್ನೋದು ಇವತ್ತೇ ಚೀಟಿಯೊಳಗ ಬರದು ಕೊಡ್ರಿ" ಅಂದಳು. ದನಿ ನಡುಗುತ್ತಿತ್ತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಕೆಲವು ವಾರದ ನಂತರ ಅದೇ ಹುಡುಗಿ ನಿಜವಾದ ಕೌಂಟರಿನ ಮುಂದೆ ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಇದೇ ಮಾತು ಕೇಳಿದಳು, ಚೀಟಿ ಬರೆಸಿಕೊಂಡೇ ಬಂದಳು.

ಇನ್ನೊಂದು ಸಂಜೆ ಬರೀ ಮೈಕ್ ಹಿಡಿಯುವುದು. ಹೆಸರು, ಊರು, ಒಂದು ಬೇಡಿಕೆ. ಹೆಸರು ಹೇಳುವಾಗಲೇ ದುಪಟ್ಟಾದ ತುದಿ ಬಾಯಿಗೆ ಹೋಗುತ್ತಿತ್ತು. ಕಬಡ್ಡಿಯೂ ಇತ್ತು. ಮುಟ್ಟಿನ ಬಗ್ಗೆ ಮಾತು, ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು, ಪಿಯುಸಿಗೆ ಯಾವ ಕಾಲೇಜು, ಹಾಸ್ಟೆಲ್ ಸಿಗುತ್ತಾ ಅನ್ನುವ ಲೆಕ್ಕಾಚಾರ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬೇಕಾಗಿದ್ದು ಒಂದು ಕೋಣೆ, ಒಂದು ಟ್ಯೂಬ್‌ಲೈಟ್, ನೀರಿರುವ ಶೌಚಾಲಯ, ಜೊತೆಗೆ ಹುಡುಗಿಯರು ನಂಬುವ ಒಬ್ಬಳು ಅಕ್ಕ.

ಈಗ ಸರ್ಕಾರದ ಕಡೆ ಬರೋಣ. 14 ದಾಟಿದ ಹುಡುಗಿಗೆ ಅಂತಲೇ ಏನಿದೆ? 2010ರಲ್ಲಿ ಹದಿಹರೆಯದ ಹುಡುಗಿಯರ ಪೋಷಣೆ, ಕೌಶಲ್ಯಕ್ಕೆ ಅಂತ ಕೇಂದ್ರದ 'ಸಬಲಾ' ಯೋಜನೆ ಬಂದಾಗ ಆಯ್ದ ಜಿಲ್ಲೆಗಳಲ್ಲಿ 11ರಿಂದ 18ರವರೆಗಿನವರು ಅದರೊಳಗಿದ್ದರು. ಆಮೇಲೆ ಅದನ್ನು ಶಾಲೆ ಬಿಟ್ಟ 11ರಿಂದ 14ರವರಿಗೆ ಇಳಿಸಿದರು. ಈಗ ಕೇಂದ್ರದ ಪೌಷ್ಟಿಕತೆ ಯೋಜನೆ ಪೋಷಣ್ 2.0ದಲ್ಲಿ 14ರಿಂದ 18ರವರು ಸೇರಿದ್ದಾರೆ, ಆದರೆ ಈಶಾನ್ಯ ರಾಜ್ಯಗಳಲ್ಲಿ ಮತ್ತು ಹಿಂದುಳಿದವು ಅಂತ ಕೇಂದ್ರ ಗುರುತಿಸಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳಲ್ಲಿ ಮಾತ್ರ. ಕರ್ನಾಟಕದಲ್ಲಿ ಹಾಗೆ ಗುರುತಿಸಿದ್ದು ರಾಯಚೂರು, ಯಾದಗಿರಿ ಎರಡೇ. ನಮ್ಮ ಕೊಪ್ಪಳ ರಾಯಚೂರಿನಿಂದಲೇ 1997ರಲ್ಲಿ ಬೇರೆಯಾದ ಜಿಲ್ಲೆ. ಗಡಿಯ ಆಚೆಯ ಹುಡುಗಿ ಲೆಕ್ಕಕ್ಕಿದ್ದಾಳೆ, ಈಚೆಯವಳು ಇಲ್ಲ. ಹುಡುಗಿಯರ ವಸತಿ ಶಾಲೆಗಳಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಒಳ್ಳೆಯ ಕೆಲಸ ಮಾಡುತ್ತಿವೆ, ಆದರೆ ಅಲ್ಲಿ ಸೀಟು ಸಿಗದೆ ಊರಲ್ಲೇ ಉಳಿದವರೇ ಜಾಸ್ತಿ.

ಆ ವಯಸ್ಸಿನಲ್ಲೇ ಎಲ್ಲ ನಡೆಯುವುದು, ಸರ್. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ (ಕೈಯಿಂದ ಹೂವಿಗೆ ಪರಾಗ ಹಚ್ಚುವ ಕೆಲಸ) ಶುರುವಾದರೆ ಹುಡುಗಿಯರ ಹಾಜರಿ ಇಳಿಯುತ್ತದೆ. ಹೂವಿಗೆ ಸಣ್ಣ ಕೈ ಬೇಕಂತೆ. ಸೀಸನ್ ಮುಗಿದ ಮೇಲೆ ಕೆಲವರು ಶಾಲೆಗೆ ವಾಪಸ್ ಬರುತ್ತಾರೆ, ಕೆಲವರು ಬರುವುದಿಲ್ಲ. ಬರದವರ ಮನೆಯಲ್ಲಿ ಮುಂದಿನ ಮಾತು ಮದುವೆಯದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ, ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ಶೇ 21.4. 2019-21ರ ಸುತ್ತಿನಲ್ಲಿ ಶೇ 21.3. ನಡುವೆ ಬಾಲ್ಯವಿವಾಹವನ್ನೇ ಅಸಿಂಧು ಮಾಡುವ ಗಟ್ಟಿ ತಿದ್ದುಪಡಿಯನ್ನೂ ನಮ್ಮ ರಾಜ್ಯ ತಂದಿತು. ಅಷ್ಟಾದರೂ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಶ್ಚಯ ಮಾಡುವ ಹೊತ್ತಿಗೆ "ನಾನು ಇನ್ನೂ ಓದ್ತೀನಿ" ಅಂತ ಅಪ್ಪನ ಮುಂದೆ ಹೇಳುವ ಬಾಯಿ ಹುಡುಗಿಗೆ ಬೇಕು. ಅವಳ ಬೆನ್ನಿಗೆ ಇನ್ನೂ ನಾಲ್ಕು ಜನ ಬೇಕು. ಮಕ್ಕಳ ಸಹಾಯವಾಣಿಯ 1098 ಗೋಡೆ ಮೇಲಿದ್ದರೆ ಸಾಲದು. ಡಯಲ್ ಮಾಡುವ ಗೆಳತಿ ಇರಬೇಕು.

ಇದೆಲ್ಲ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1989ರಲ್ಲಿ ಹಳ್ಳಿ ಹೆಂಗಸರ ಶಿಕ್ಷಣ, ಸಬಲೀಕರಣದ ಕೇಂದ್ರ ಕಾರ್ಯಕ್ರಮ ಮಹಿಳಾ ಸಮಖ್ಯಾ ಶುರುವಾದ ಮೊದಲ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿ ಹೆಂಗಸರ ಸಂಘ, ಕಿಶೋರಿ ಸಂಘ, ಶಾಲೆ ಬಿಟ್ಟ ಹುಡುಗಿಯರು ಉಳಿದುಕೊಂಡು ಓದುವ ಮಹಿಳಾ ಶಿಕ್ಷಣ ಕೇಂದ್ರ, ಎಲ್ಲ ಆಗಲೇ ಕಂಡವು. 2016ರಲ್ಲಿ ಕೇಂದ್ರ ಅದಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಕುಂದಾಪುರ ಕಡೆ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ಮಾಡಿಕೊಂಡು ದೊಡ್ಡವರ ಮುಂದೆ ಕೂತು ಬೇಡಿಕೆ ಇಟ್ಟಿದ್ದರು. ಆ ಅನುಭವದಿಂದ ಕಲಿತೇ 2006ರಲ್ಲಿ ನಿಮ್ಮ ಇಲಾಖೆ ಎಲ್ಲ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಹೇಳಿತು. ಸಂಸ್ಥೆಗಳು ಮಾಡಿ ತೋರಿಸಿದ್ದನ್ನು ಸರ್ಕಾರ ಕೈಗೆತ್ತಿಕೊಂಡ ಉದಾಹರಣೆ ಅಲ್ವಾ ಇದು? ಇನ್ನೊಂದು ಸಲ ಹಾಗೆ ಮಾಡಿ ಅನ್ನುವುದೇ ನನ್ನ ಮಾತು.

ಸಂಸ್ಥೆಗಳೆಲ್ಲ ಬಂಗಾರ ಅಂತ ನಾನೇನೂ ಹೇಳುವುದಿಲ್ಲ. ಒಂದೇ ದಿನ ಕರಾಟೆ ಕಲಿಸಿ, ಟೀ ಶರ್ಟ್ ಹಂಚಿ, ಫೋಟೊ ಹೊಡೆದುಕೊಂಡು ಹೋದವರನ್ನೂ ನೋಡಿದ್ದೇವೆ. (ಟೀ ಶರ್ಟ್ ಮನೆಯಲ್ಲಿ ತಮ್ಮ ಹಾಕಿಕೊಂಡ.) ಒಳ್ಳೆಯ ಸಂಸ್ಥೆಗಳ ಕಷ್ಟ ಬೇರೆ. 13ನೇ ವಯಸ್ಸಿಗೆ ಗುಂಪಿಗೆ ಬಂದವಳು ಬಾಯಿ ಬಿಡಲು ಒಂದು ವರ್ಷ ಬೇಕು. ಅವಳಿಗೆ 16 ತುಂಬಿ, ಮನೆಯಲ್ಲಿ ಗಂಡು ಹುಡುಕುವ ಮಾತು ಶುರುವಾಗುವ ಹೊತ್ತಿಗೆ ಪ್ರಾಜೆಕ್ಟ್ ಮುಗಿದಿರುತ್ತದೆ. ದುಡ್ಡು ಕೊಡುವವರ ಕ್ಯಾಲೆಂಡರಿಗೂ ಹುಡುಗಿಯ ವಯಸ್ಸಿಗೂ ತಾಳೆಯೇ ಆಗುವುದಿಲ್ಲ. ಆ ವ್ಯತ್ಯಾಸ ತುಂಬಲು ಊರಲ್ಲೇ ಇರುವವರು ಯಾರು? ಪಂಚಾಯಿತಿ.

ಹೊಸ ಯೋಜನೆ, ಹೊಸ ಹೆಸರು, ಹೊಸ ಲೋಗೋ ಏನೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ನಿಮ್ಮ ಇಲಾಖೆಗೆ ಬಂದವು. ಐದು ಸಾವಿರಕ್ಕೂ ಹೆಚ್ಚಿವೆ. ಕೋವಿಡ್ ಕಾಲದಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿರಿ. ಎಷ್ಟೋ ಕಡೆ ಗೋಡೆಗೆ ಬಣ್ಣ, ಕಂಪ್ಯೂಟರ್, ಚೆಸ್ ಬೋರ್ಡ್ ಬಂದವು. ಚೆನ್ನಾಗಿದೆ, ಮನಸ್ಸಿನಿಂದಲೇ ಹೇಳುತ್ತೇನೆ. ಇದೇ ಅರಿವು ಕೇಂದ್ರಗಳಲ್ಲಿ ವಾರಕ್ಕೆರಡು ಸಂಜೆ, 5ರಿಂದ 7, ಹುಡುಗಿಯರಿಗೆ ಅಂತಲೇ ಮೀಸಲಿಡಿ. ಮೇಲ್ವಿಚಾರಕರ ಹೆಗಲಿಗೆ ಇದನ್ನೂ ಹೊರಿಸಬೇಡಿ, ಅವರಿಗೆ ಸಿಗುವುದೇ ಕಡಿಮೆ. ಊರಲ್ಲಿ ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ. ಒಬ್ಬಳನ್ನು ಗೌರವಧನ ಕೊಟ್ಟು ನೇಮಿಸಿ. ಆ ಗೌರವಧನ ಯಾವುದೋ ಪ್ರಾಜೆಕ್ಟಿನದ್ದಾಗಿರಬಾರದು, ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಬರೆದಿರಬೇಕು. ತರಬೇತಿ ಕೊಡಲು ಸಂಸ್ಥೆಗಳು ಬರಲಿ. ಬರುವಾಗಲೇ, ನಾವು ಹೋದ ಮೇಲೆ ಯಾರು ಮುಂದುವರಿಸುತ್ತಾರೆ ಅನ್ನುವುದು ಒಪ್ಪಂದದಲ್ಲಿ ಇರಲಿ.

ಸಂಜೆ ಹೆಣ್ಣುಮಕ್ಕಳನ್ನು ಹೊರಗೆ ಕಳಿಸುತ್ತಾರಾ ಅಂತ ಅಧಿಕಾರಿಗಳು ಕೇಳುತ್ತಾರೆ. ಕಳಿಸುತ್ತಾರೆ. ನಮ್ಮ ಗುಂಪಿಗೆ ಕಳಿಸಿದ್ದರು. ಯಾರದೋ ಮನೆಯಲ್ಲಿ ಸೇರುತ್ತೇವೆ ಅಂದಾಗ ಒಪ್ಪದ ಅಪ್ಪಂದಿರು, ಪಂಚಾಯಿತಿ ಕಟ್ಟಡ ಅಂದ ಮೇಲೆ ಒಪ್ಪಿದರು. ಕೇಂದ್ರದಿಂದ ಓಣಿಯ ತನಕ ದೀಪ ಉರಿಯಬೇಕು, ಅಕ್ಕ ಮನೆ ಬಾಗಿಲ ತನಕ ಬಿಟ್ಟು ಬರಬೇಕು. ಅವರು ಹಾಕಿದ ಷರತ್ತು ಇವೆರಡೇ. ಪಿಯುಸಿಗೆ ಹೋಗುವವರದು ಇನ್ನೊಂದು ಸಮಸ್ಯೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಬಸ್ಸಿನ ದುಡ್ಡಿನ ಚಿಂತೆ ಹೋಯಿತು. ಆದರೆ ಕಾಲೇಜು ಬಿಡುವ ಹೊತ್ತಿಗೆ ಊರ ಕಡೆ ಬಸ್ಸೇ ಇಲ್ಲದಿದ್ದರೆ ಟಿಕೆಟ್ ಫ್ರೀ ಇದ್ದೇನು ಬಂತು? ಇದನ್ನು ಸಾರಿಗೆ ಸಚಿವರ ಹತ್ತಿರ ನೀವೇ ಮಾತಾಡಿದರೆ ಬೇಗ ಆದೀತು.

ಮಕ್ಕಳ ಗ್ರಾಮಸಭೆಯ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಶಾಮಿಯಾನ, ಸ್ವಾಗತ ಗೀತೆ, ಗಣ್ಯರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಮಕ್ಕಳ ಪಾಲಿಗೆ ಉಳಿಯುವುದು ಅರ್ಧ ಗಂಟೆ. ಕಳೆದ ಸಭೆಯಲ್ಲಿ ನಮ್ಮ ಗುಂಪಿನ ಹುಡುಗಿಯೊಬ್ಬಳು ಮೈಕ್ ತೆಗೆದುಕೊಂಡು, ಹೋದ ವರ್ಷ ಕೇಳಿದ ಶೌಚಾಲಯದ ಬಾಗಿಲು ಏನಾಯಿತು ಅಂತ ಕೇಳಿದಳು. ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹೋದ ವರ್ಷದ ನಡಾವಳಿ ಪುಸ್ತಕವನ್ನೇ ಯಾರೂ ತಂದಿರಲಿಲ್ಲ. ಹಿಂದಿನ ಬೇಡಿಕೆಗಳ ಮೇಲೆ ತೆಗೆದುಕೊಂಡ ಕ್ರಮದ ವರದಿ ಓದಿದ ಮೇಲೇ ಸಭೆ ಶುರುವಾಗಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕಂತೂ ಒಂದು ರೂಪಾಯಿಯೂ ಖರ್ಚಿಲ್ಲ.

ಅದೇ ಸಭೆಯಲ್ಲಿ ಹುಡುಗಿಯರು ಸಹಿ ಮಾಡಿ ಕೊಟ್ಟ ಅರ್ಜಿಯ ನಕಲನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕೈಬರಹ ಅವರದ್ದೇ, ಕಾಗುಣಿತದ ತಪ್ಪುಗಳನ್ನೂ ತಿದ್ದಿಲ್ಲ. ಉತ್ತರ ಬರೆಸುವುದಾದರೆ ನನ್ನ ಹೆಸರಿಗೆ ಬೇಡ, ಅವರ ಗುಂಪಿನ ಹೆಸರಿಗೆ ಬರೆಸಿ, ಪಂಚಾಯಿತಿ ವಿಳಾಸಕ್ಕೆ ಕಳಿಸಿ. ಆಗುತ್ತದೆ ಅಂತಿದ್ದರೆ ಯಾವ ತಿಂಗಳಿಂದ ಅಂತ ತಿಳಿಸಿ. ಆಗುವುದಿಲ್ಲ ಅಂತಿದ್ದರೆ ಯಾಕೆ ಅನ್ನುವುದನ್ನೂ ಬರೆಸಿ. ಮುಂದೆ ಯಾರನ್ನು ಕೇಳಬೇಕು ಅನ್ನುವುದನ್ನು ಅವರೇ ನೋಡಿಕೊಳ್ಳುತ್ತಾರೆ.

ಇಂತಿ ನಮಸ್ಕಾರಗಳೊಂದಿಗೆ,
ಕೊಪ್ಪಳ ಜಿಲ್ಲೆಯ ಒಬ್ಬ ಸ್ವಯಂಸೇವಕಿ